ಎದೆಯೊಳಗಿನ ಜೋಡಿ ಕೊರಳು

ಪಕ್ಷಿವಿಜ್ಞಾನಿಗಳ ಲೆಕ್ಕದಲ್ಲಿ ಕಾಗೆ ಹಾಡುಹಕ್ಕಿ, ಕೋಗಿಲೆ ಅಲ್ಲ. ಇದೆಂಥ ನ್ಯಾಯ ಅನ್ನಿಸಬಹುದು. ಆದರೆ ಈ ವಿಂಗಡಣೆ ಇಂಪು ಕೇಳಿ ಮಾಡಿದ್ದಲ್ಲ, ಅಂಗರಚನೆ ನೋಡಿ ಮಾಡಿದ್ದು. ಮಡಿವಾಳ, ಪಿಕಳಾರ, ಕಾಜಾಣ, ಗುಬ್ಬಚ್ಚಿ, ಮೈನಾಗಳಿರುವ ದೊಡ್ಡ ಕುಲಕ್ಕೇ ಕಾಗೆಯೂ ಸೇರಿದೆ. ಈ ಕುಲದವಕ್ಕೆ ಧ್ವನಿಯಂಗವನ್ನು ಆಡಿಸುವ ಪುಟ್ಟ ಸ್ನಾಯುಗಳು ಹಲವು ಜೋಡಿ ಇವೆ. ಕೇಳಿದ್ದನ್ನು ಕಲಿಯುವ ಮಿದುಳೂ ಇದೆ. ಸಾಕಿದ ಕಾಗೆಗಳು ಮನುಷ್ಯರ ಮಾತನ್ನು ಅನುಕರಿಸುವುದು ಅದರಿಂದಲೇ. ಕೋಗಿಲೆಗೆ ಆ ಸೌಲಭ್ಯವಿಲ್ಲ. ಕಾಗೆಯ ಗೂಡಿನಲ್ಲಿ ಕಣ್ಣುಬಿಟ್ಟು, ಕಾಗೆ ಕೊಟ್ಟ ತುತ್ತು ತಿಂದು, ದಿನವಿಡೀ ಕಾಗೆಯ ಕೂಗನ್ನೇ ಕೇಳುತ್ತ ಬೆಳೆದ ಮರಿ ಕೊನೆಗೆ ಕೂಗುವುದು ಯಾರೂ ಹೇಳಿಕೊಡದ ತನ್ನದೇ 'ಕುಹೂ'. ಅದು ಹುಟ್ಟಿನಿಂದ ಬಂದ ಆಸ್ತಿ. (ಹಾಗೆ ಕೂಗುವುದು ಗಂಡು. ಗಾಯಕಿಯರಿಗೆ 'ಗಾನಕೋಗಿಲೆ' ಬಿರುದು ಕೊಡುವ ಸಭೆಗಳಲ್ಲಿ ಈ ವಿಷಯವನ್ನು ಯಾರೂ ಎತ್ತುವುದಿಲ್ಲ.)

ಹಾಗಾದರೆ ಹಾಡು ಹುಟ್ಟುವುದೆಲ್ಲಿ? ನಮ್ಮಲ್ಲಿ ಉತ್ತರ ಸುಲಭ. ಕುತ್ತಿಗೆಯ ಮುಂಭಾಗಕ್ಕೆ ಬೆರಳಿಟ್ಟು 'ಆ' ಅಂದರೆ ಅದುರುತ್ತದಲ್ಲ, ಅಲ್ಲಿ. ಶ್ವಾಸನಾಳದ ಮೇಲ್ತುದಿಯಲ್ಲಿ ಧ್ವನಿಪೆಟ್ಟಿಗೆ, ಅದರೊಳಗೆ ಎರಡು ಧ್ವನಿತಂತುಗಳು. ಶ್ವಾಸಕೋಶದಿಂದ ನುಗ್ಗಿದ ಗಾಳಿ ಅವನ್ನು ಅಗಲಿಸುತ್ತದೆ, ಅವು ಮತ್ತೆ ಕೂಡುತ್ತವೆ. ಮಾತಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ ಸುಮಾರು 200 ಸಲ. ಹಕ್ಕಿಗೂ ಗಂಟಲಲ್ಲಿ ಇಂಥದೊಂದು ಪೆಟ್ಟಿಗೆ ಇದೆ. ಆದರೆ ಅದು ತಿಂದದ್ದು ಶ್ವಾಸನಾಳಕ್ಕೆ ಇಳಿಯದಂತೆ ಕಾಯುವ ಬಾಗಿಲು, ಸದ್ದು ಅದರ ಕೆಲಸವಲ್ಲ. ಹಕ್ಕಿಯ ನಿಜವಾದ ಕೊರಳು ಎದೆಯೊಳಗೆ, ಶ್ವಾಸನಾಳ ಎರಡಾಗಿ ಕವಲೊಡೆದು ಎರಡು ಶ್ವಾಸಕೋಶಗಳತ್ತ ಹೋಗುವ ಜಾಗದಲ್ಲಿದೆ. ಸುತ್ತ ಒಂದು ಗಾಳಿಚೀಲ. ಗಾತ್ರ ಸಣ್ಣ ಹಕ್ಕಿಗಳಲ್ಲಿ ಕೆಲವೇ ಮಿಲಿಮೀಟರ್. 1872ರಲ್ಲಿ ಥಾಮಸ್ ಹೆನ್ರಿ ಹಕ್ಸ್‌ಲಿ ಇದಕ್ಕೆ ಇಟ್ಟ ಸಿರಿಂಕ್ಸ್ ಎಂಬ ಹೆಸರೇ ಉಳಿದಿದೆ.

ಎದೆಯೊಳಗೆ ಹುದುಗಿದ್ದರಿಂದ ಅದನ್ನು ನೋಡುವುದೇ ದೊಡ್ಡ ತೊಡಕಾಯಿತು. ಮನುಷ್ಯರ ಧ್ವನಿತಂತು ಆಡುವುದನ್ನು ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು 1854ರಲ್ಲೇ ನೋಡಿದ್ದ. ಹಲ್ಲಿನ ವೈದ್ಯರು ಬಳಸುವ ಪುಟ್ಟ ಕನ್ನಡಿಯನ್ನು ಬಾಯೊಳಗೆ ಹಿಡಿದು, ಬಿಸಿಲನ್ನು ಇನ್ನೊಂದು ಕನ್ನಡಿಯಿಂದ ಒಳಕ್ಕೆ ಹಾಯಿಸಿ, ತನ್ನದೇ ಗಂಟಲಿನ ಆಟ ನೋಡಿದ. ಹಕ್ಕಿಯದನ್ನು ನೋಡಲು ಇನ್ನೂ ಸುಮಾರು 140 ವರ್ಷ ಬೇಕಾಯಿತು. ಅಲ್ಲಿಯವರೆಗೆ ಪಠ್ಯಪುಸ್ತಕಗಳು ಹೇಳುತ್ತಿದ್ದುದು, ಕವಲಿನ ಒಳಗೋಡೆಯ ತೆಳುಪೊರೆ ಕಂಪಿಸಿ ಸದ್ದು ಬರುತ್ತದೆ ಎಂದು. 1997ರಲ್ಲಿ ಫ್ರಾಂಜ್ ಗೋಲರ್ ಮತ್ತು ಓಲೆ ಲಾರ್ಸನ್ ತೀರ ತೆಳ್ಳನೆಯ ಎಂಡೊಸ್ಕೋಪನ್ನು ಅಮೆರಿಕದ ಕಾರ್ಡಿನಲ್ ಮತ್ತು ಬ್ರೌನ್ ಥ್ರಾಷರ್ ಹಕ್ಕಿಗಳ ಶ್ವಾಸನಾಳಕ್ಕೆ ಇಳಿಸಿದರು. ಕಂಡದ್ದು ಬೇರೆಯೇ: ಪ್ರತಿ ಕವಲಿನಲ್ಲೂ ಎರಡು ಮೆತ್ತನೆಯ ದಿಂಡುಗಳು ಗಾಳಿಯ ದಾರಿಗೆ ಸರಿದು ಬಂದು, ಮುಟ್ಟುವಷ್ಟು ಹತ್ತಿರವಾಗಿ ಅದುರುತ್ತಿದ್ದವು. ತೆಳುಪೊರೆಯನ್ನು ಕೆಲಸಮಾಡದಂತೆ ಮಾಡಿದರೂ ಹಾಡು ಹೆಚ್ಚುಕಡಿಮೆ ಹಾಗೇ ಉಳಿಯಿತು. ಸದ್ದು ಹುಟ್ಟುವ ಬಗೆ ನಮ್ಮ ಧ್ವನಿತಂತುಗಳದ್ದೇ ಎಂದು 2015ರಲ್ಲಿ ಕೂನ್ ಎಲಿಮನ್ಸ್ ಮತ್ತು ಸಂಗಡಿಗರು ಬೇರೆ ಬೇರೆ ಕುಲದ ಹಕ್ಕಿಗಳಲ್ಲಿ ತೋರಿಸಿದರು. ಅಂಗ ಬೇರೆ, ಜಾಗ ಬೇರೆ, ಭೌತಶಾಸ್ತ್ರ ಮಾತ್ರ ಒಂದೇ.

ಜಾಗ ಬದಲಾದ್ದರಿಂದ ಹಕ್ಕಿಗೆ ಲಾಭವೂ ಆಗಿದೆ. ಓಲಗದಲ್ಲಿ ಪೀಪಿ ಸದ್ದು ಹುಟ್ಟಿಸಿದರೆ ಉದ್ದನೆಯ ಕೊಳವೆ ಅದಕ್ಕೆ ಮೈ ಕೊಡುತ್ತದಲ್ಲ, ಹಾಗೆ ಹಕ್ಕಿಗೆ ಇಡೀ ಶ್ವಾಸನಾಳವೇ ಧ್ವನಿಯ ಮುಂದಿರುವ ಕೊಳವೆಯಾಗುತ್ತದೆ. ಅಂಗೈಯಲ್ಲಿ ಹಿಡಿಸುವ ಹಕ್ಕಿಯ ಹಾಡು ಅಷ್ಟು ದೂರ ಕೇಳುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಲಾಭ ನಮ್ಮ ಗಾಯಕರು ಕನಸಿನಲ್ಲೂ ಕಾಣದ್ದು. ಕವಲು ಎರಡು, ಅದುರುವ ದಿಂಡುಗಳೂ ಎರಡು ಜೊತೆ. ಎಡಕ್ಕೆ ಬೇರೆ ನರ, ಬಲಕ್ಕೆ ಬೇರೆ. ಅಂದರೆ ಎರಡೂ ಕೊರಳು ಏಕಕಾಲಕ್ಕೆ ಬೇರೆ ಬೇರೆ ಸ್ವರ ಹಿಡಿಯಬಲ್ಲವು. ಇಂಡಿಯಾನಾ ವಿಶ್ವವಿದ್ಯಾಲಯದ ರೋಡ್ರಿಕ್ ಸದರ್ಸ್ ಎರಡೂ ಕವಲುಗಳಲ್ಲಿ ಪುಟ್ಟ ಸಂವೇದಕ ಇಟ್ಟು, ಯಾವ ಕಡೆಯಿಂದ ಯಾವ ಗಳಿಗೆಯಲ್ಲಿ ಗಾಳಿ ಹೊರಬೀಳುತ್ತದೆ ಎಂದು ಅಳೆದರು. 1990ರಿಂದ ಅವರ ಫಲಿತಾಂಶಗಳು ಬರತೊಡಗಿದವು. ಕಾರ್ಡಿನಲ್‌ನದು ನನಗೆ ಅತ್ಯಂತ ಇಷ್ಟವಾದದ್ದು. ಮೇಲಿಂದ ಕೆಳಕ್ಕೆ ಜಾರುವ ಅದರ ಸಿಳ್ಳೆ ಕೇಳಿದರೆ ಒಂದೇ ಮೀಂಡ್ ಅನ್ನಿಸುತ್ತದೆ. ವಾಸ್ತವದಲ್ಲಿ ಮೇಲಿನ ಭಾಗ ಬಲಗೊರಳಿನದು. ಸುಮಾರು 3500 ಹರ್ಟ್ಸ್ ಹತ್ತಿರ ಬಂದಾಗ ಅದು ಕೈಬಿಡುತ್ತದೆ, ಎಡಗೊರಳು ಎತ್ತಿಕೊಳ್ಳುತ್ತದೆ. ಕೂಡಿಸಿದ ಜಾಗ ಕಿವಿಗೆ ಗೊತ್ತೇ ಆಗುವುದಿಲ್ಲ.

ಉಸಿರಿನ ವಿಷಯದಲ್ಲೂ ಹೀಗೆಯೇ. ನಾವು ಹಾಡುವುದು ಹೊರಬಿಡುವ ಉಸಿರಿನಲ್ಲಿ. ತಾನ್ ಮುಗಿಯುವ ಮೊದಲೇ ದಮ್ಮು ಮುಗಿದರೆ ಗಾಯಕರ ಮರ್ಯಾದೆ ಹೋಯಿತು. ಕೆನರಿ ಹಕ್ಕಿ ಸೆಕೆಂಡಿಗೆ ಸುಮಾರು 30ರವರೆಗೆ ಸ್ವರ ಉದುರಿಸುವಾಗಲೂ ಒಂದೊಂದು ಸ್ವರದ ನಡುವೆ ಒಂದೊಂದು ಗುಟುಕು ಉಸಿರು ಎಳೆದುಕೊಳ್ಳುತ್ತದೆ. ಆದ್ದರಿಂದಲೇ ಅದು ನಿಲ್ಲಿಸದೆ ಹಾಡುತ್ತಲೇ ಇರಬಲ್ಲದು. ಇಂಥ ಚುರುಕಿಗೆ ತಕ್ಕ ಸ್ನಾಯುಗಳೂ ಬೇಕು. ಯುರೋಪಿನ ಸ್ಟಾರ್ಲಿಂಗ್‌ನ ಸಿರಿಂಕ್ಸ್ ಸ್ನಾಯು ಸೆಕೆಂಡಿಗೆ 250 ಸಲದವರೆಗೆ ಬಿಗಿದು ಸಡಿಲವಾಗಬಲ್ಲದು ಎಂದು 2008ರಲ್ಲಿ ಅಳೆದಿದ್ದಾರೆ. ನಾವು ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದರದ್ದು ಇಪ್ಪತ್ತಕ್ಕೂ ಹೆಚ್ಚು ಸಲ ಆಗಿರುತ್ತದೆ.

ಹುಟ್ಟಿದ ಸದ್ದನ್ನು ತಿದ್ದುವುದು ಬಾಯಿ. ನಾವು ನಾಲಿಗೆ, ತುಟಿ, ದವಡೆ ಆಡಿಸಿ 'ಆ'ಯನ್ನು 'ಈ' ಮಾಡುತ್ತೇವೆ. ಹಾಡುಹಕ್ಕಿ ಕೊಕ್ಕನ್ನೂ ಗಂಟಲಿನ ಒಳಜಾಗವನ್ನೂ ಹಿಗ್ಗಿಸಿ ಕುಗ್ಗಿಸಿ ಬೇಡದ ಉಪಸ್ವರಗಳನ್ನು ಸೋಸುತ್ತದೆ. ಸ್ಟೀಫನ್ ನೊವಿಕಿ 1987ರಲ್ಲಿ ಹೀಲಿಯಂ ಬೆರೆಸಿದ ಗಾಳಿಯಲ್ಲಿ ಹಕ್ಕಿಗಳನ್ನು ಹಾಡಿಸಿದಾಗ, ಅಡಗಿದ್ದ ಉಪಸ್ವರಗಳು ಹೊರಬಿದ್ದು ಹಾಡಿನ ನಾದವೇ ಕೆಟ್ಟಿತು. ಬೇಸಿಗೆಯ ಬೆಳಿಗ್ಗೆ ತಂತಿಯ ಮೇಲೆ ಬಾಲ ಎತ್ತಿ ಹಾಡುವ ಮಡಿವಾಳವನ್ನು ಬೈನಾಕ್ಯುಲರ್‌ನಲ್ಲಿ ನೋಡಿ. ಕೊಕ್ಕು ಒಂದೇ ಅಳತೆಯಲ್ಲಿ ತೆರೆದಿರುವುದಿಲ್ಲ. ಸ್ವರ ಏರಿದಂತೆ ಕೊಕ್ಕು ಅಗಲಿಸುವುದು ಹಲವು ಹಾಡುಹಕ್ಕಿಗಳ ರೂಢಿ. ಗಿಳಿಯ ದಾರಿ ಬೇರೆ. ಅದಕ್ಕೆ ಎರಡು ಕೊರಳಿಲ್ಲ, ಒಂದೇ. ಆದರೆ ದಪ್ಪ ನಾಲಿಗೆಯಿಂದ ಸದ್ದನ್ನು ತಿದ್ದುವುದರಲ್ಲಿ ಅದು ನಮಗೆ ಹತ್ತಿರ.

ನಾಲಿಗೆ ಅಂದಮೇಲೆ ಒಂದು ಮಾತು. ನಮ್ಮ ನಾಲಿಗೆಯನ್ನು ಆಡಿಸುವ ಹನ್ನೆರಡನೆಯ ಕಪಾಲ ನರದ ಕವಲೇ ಹಕ್ಕಿಯಲ್ಲಿ ಎದೆಯವರೆಗೆ ಇಳಿದು ಸಿರಿಂಕ್ಸನ್ನು ಆಡಿಸುತ್ತದೆ. ಫರ್ನಾಂಡೊ ನಾಟೆಬಾಮ್ ಚಾಫಿಂಚ್ ಹಕ್ಕಿಯಲ್ಲಿ ಎಡಗಡೆಯ ಈ ನರವನ್ನು ಕತ್ತರಿಸಿದಾಗ ಹಾಡಿನ ಬಹುಪಾಲು ಅಳಿಸಿಹೋಯಿತು. ಬಲಗಡೆಯದನ್ನು ಕತ್ತರಿಸಿದರೆ ಹೋದದ್ದು ಸ್ವಲ್ಪವೇ. ಮಾತಿಗೆ ಮಿದುಳಿನ ಎಡಭಾಗವನ್ನೇ ಹೆಚ್ಚಾಗಿ ನೆಚ್ಚಿಕೊಂಡ ಮನುಷ್ಯರಿಗೆ ಇದು 1971ರಲ್ಲಿ ಸಣ್ಣ ಸುದ್ದಿಯಾಗಿರಲಿಲ್ಲ.

ಕಲಿಕೆಯಲ್ಲಂತೂ ಮಗುವಿಗೂ ಮರಿಗೂ ಬಹಳ ಸಾಮ್ಯ. ಮರಿ ಮೊದಲು ಕೇಳುತ್ತದೆ, ಆಮೇಲೆ ತೊದಲುತ್ತದೆ, ತಿಂಗಳುಗಟ್ಟಲೆ ತಿದ್ದಿಕೊಳ್ಳುತ್ತದೆ. ಕೇಂಬ್ರಿಡ್ಜ್‌ನ ವಿಲಿಯಂ ಥಾರ್ಪ್ 1950ರ ದಶಕದಲ್ಲಿ ಒಂಟಿಯಾಗಿ ಬೆಳೆಸಿದ ಚಾಫಿಂಚ್ ಮರಿಗಳು ಒರಟು, ಅರೆಬರೆ ಹಾಡನ್ನಷ್ಟೇ ಹಾಡಿದವು. ತನ್ನ ದನಿ ತನಗೇ ಕೇಳದಂತೆ ಮಾಡಿದರೆ ಇನ್ನೂ ಕೆಡುತ್ತದೆ ಎಂದು ಮಸಕಝು ಕೊನಿಶಿ 1965ರಲ್ಲಿ ಬೇರೊಂದು ಹಕ್ಕಿಯಲ್ಲಿ ತೋರಿಸಿದರು. ನಮ್ಮ ಹತ್ತಿರದ ಬಂಧುಗಳಾದ ಚಿಂಪಾಂಜಿ, ಗೊರಿಲ್ಲಾಗಳಿಗೆ ಕೇಳಿದ ಸದ್ದನ್ನು ಹೀಗೆ ಕಲಿಯುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಈ ವಿಷಯದಲ್ಲಿ ಕಾಗೆಯೇ ನಮ್ಮ ಹತ್ತಿರದ ನೆಂಟ.

ಕಲಿತಮೇಲೂ ಹಕ್ಕಿಗೆ ಬಿಡುವಿಲ್ಲ. ಐರಿಸ್ ಆಡಮ್ ಮತ್ತು ಎಲಿಮನ್ಸ್ ತಂಡ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಾಡದಂತೆ ತಡೆದ ಗಂಡು ಜೀಬ್ರಾ ಫಿಂಚ್‌ಗಳ ಧ್ವನಿಸ್ನಾಯುಗಳ ಗುಣ ಕೆಲವೇ ದಿನಗಳಲ್ಲಿ ಬದಲಾಯಿತು, ಹಾಡೂ ಬದಲಾಯಿತು. ಹೆಣ್ಣಿಗೆ ಎರಡೂ ಬಗೆಯ ಹಾಡು ಕೇಳಿಸಿದರು. ಅದು ಒಲಿದದ್ದು ದಿನವೂ ಸಾಧನೆ ಮಾಡಿದವನ ಹಾಡಿಗೆ.