ಲಜ್ಜಾಗೌರಿಯ ನಾಡಿನಲ್ಲಿ ಅಂಡನಾಳದ ವ್ಯಾಧಿ

ಬಾದಾಮಿಯ ಪ್ರಾಚ್ಯವಸ್ತು ಸಂಗ್ರಹಾಲಯದಲ್ಲಿ, ನಾಗನಾಥಕೊಳ್ಳದಿಂದ ತಂದಿರಿಸಿದ ಚಾಲುಕ್ಯರ ಕಾಲದ ಶಿಲಾಮೂರ್ತಿಯೊಂದುಂಟು. ಶಿರಸ್ಸಿನ ಸ್ಥಾನದಲ್ಲಿ ಅರಳಿದ ಕಮಲವನ್ನು ಧರಿಸಿ ಪ್ರಸವಭಂಗಿಯಲ್ಲಿರುವ ಆ ದೇವಿ ಲಜ್ಜಾಗೌರಿಯೆಂದು ಖ್ಯಾತಳು, ಸಂತಾನಾಪೇಕ್ಷಿಗಳಾದ ಸ್ತ್ರೀಯರ ಆರಾಧ್ಯೆ. ಹೆಸರು ಲಜ್ಜೆಯದಾದರೂ ಆಕೆ ಏನನ್ನೂ ಮರೆಸಿಲ್ಲ, ಮರೆಸುವವರು ನಾವು. ಬಿಳಿಸೆರಗು, ಕಿಬ್ಬೊಟ್ಟೆಯ ನೋವು, ಜ್ವರ ಎಂದು ಅತ್ತೆಯೆದುರು ಬಾಯಿಬಿಡಲಾರದ ಸೊಸೆಗೆ, ಕುಬಸದ (ಸೀಮಂತದ) ಹಸಿರು ಸೀರೆಯುಡುವ ಯೋಗ ಬಾರದೆ ವರುಷಗಳುರುಳಿದಾಗ, 'ಬಂಜೆ'ಯೆಂಬ ಹೆಸರನ್ನು ಮಾತ್ರ ಮನೆಮಂದಿ ತಡವಿಲ್ಲದೆ ಕೊಟ್ಟುಬಿಡುತ್ತಾರೆ. ದೋಷ ಗಂಡನದೂ ಇರಬಹುದೆಂದು ಯಾರೂ ಎಣಿಸರು.

ಆ ಸೊಸೆ ಹೇಳಲಾರದ ನೋವು ಜ್ವರಗಳ ಹಿಂದೆ ಅಂಡನಾಳದ ವ್ಯಾಧಿ ಅಡಗಿರಬಹುದು. ಗರ್ಭಾಶಯದ ಇಕ್ಕೆಲಗಳಲ್ಲಿ ಸುಮಾರು 10–12 ಸೆಂಟಿಮೀಟರ್ ಉದ್ದದ ಇಂಥ ಎರಡು ನಾಳಗಳಿವೆ. 1561ರಲ್ಲಿ ಅವನ್ನು ವರ್ಣಿಸಿದ ಇಟಲಿಯ ಫಲ್ಲೋಪಿಯೊನ ಹೆಸರೇ ಅವಕ್ಕೆ ನಿಂತಿದೆ. ಇಳಕಲ್ಲಿನ ನೇಕಾರನು ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿಹಾಕಿ ಕೂಡಿಸುವಂತೆ, ಅಂಡಾಣು ವೀರ್ಯಾಣುಗಳು ಕೂಡುವುದು ಈ ನಾಳದಲ್ಲಿಯೇ. ಕೂಡಿ ಮೂಡಿದ ಭ್ರೂಣವನ್ನು ಒಳಗೋಡೆಯ ಸೂಕ್ಷ್ಮರೋಮಗಳು ಮೂರು ನಾಲ್ಕು ದಿನಗಳಲ್ಲಿ ಗರ್ಭಾಶಯಕ್ಕೆ ಸಾಗಿಸುತ್ತವೆ. ಕ್ಲಮಿಡಿಯ, ಗೊನೊರಿಯಗಳ ಸೋಂಕು, ಹೆರಿಗೆಯ ಅಥವಾ ಅಶುದ್ಧ ಗರ್ಭಪಾತದ ತರುವಾಯದ ನಂಜು, ನಮ್ಮ ದೇಶದಲ್ಲಿ ವಿಶೇಷವಾಗಿ ಕ್ಷಯ, ಇವು ಆ ರೋಮಗಳನ್ನು ನಾಶಗೊಳಿಸಿ ನಾಳವನ್ನು ಬೆಸೆದುಬಿಡುತ್ತವೆ. ಅನೇಕ ವೇಳೆ ರೋಗಿಗೆ ಅರಿವೇ ಆಗದು. ಸ್ವೀಡನ್ನಿನ ಲುಂಡ್ ನಗರದ ದೀರ್ಘ ಅಧ್ಯಯನದಲ್ಲಿ, ಒಮ್ಮೆ ಸೋಂಕು ತಗಲಿದವರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ, ಮೂರು ಅಥವಾ ಹೆಚ್ಚು ಬಾರಿ ತಗಲಿದವರಲ್ಲಿ ಸುಮಾರು 40 ಮಂದಿಗೆ ನಾಳದೋಷದಿಂದ ಬಂಜೆತನ ಬಂದಿತ್ತು. ಆದಕಾರಣ ಮೊದಲ ನೋವಿಗೇ ಮದ್ದು ಬೇಕು, ಅದೂ ಗಂಡ ಹೆಂಡತಿ ಇಬ್ಬರಿಗೂ. ನಾಳ ಮುಚ್ಚಿದೆಯೇ ಎಂಬುದನ್ನು ದ್ರಾವಣ ಹಾಯಿಸಿ ತೆಗೆದ ಎಕ್ಸ್-ರೇ ತೋರಿಸುತ್ತದೆ. 1978ರಲ್ಲಿ ಜನಿಸಿದ ಮೊದಲ ಪ್ರನಾಳ ಶಿಶುವಿನ ತಾಯಿಯ ಬಾಧೆಯೂ ಮುಚ್ಚಿದ ನಾಳವೇ ಆಗಿತ್ತು.

ಪೂರ್ಣ ಮುಚ್ಚಿದ ನಾಳಕ್ಕಿಂತ ಅರೆಮುಚ್ಚಿದ ನಾಳ ಭಯಂಕರವಾದುದು. ವೀರ್ಯಾಣು ನುಸುಳಿಹೋದ ದಾರಿಯಲ್ಲಿ ಭ್ರೂಣ ಮರಳಲಾರದೆ ಅಲ್ಲಿಯೇ ಬೇರೂರುತ್ತದೆ. ಗರ್ಭಾಶಯದಂತೆ ಹಿಗ್ಗಲರಿಯದ ನಾಳ ಬಹುಧಾ ಆರು ಎಂಟು ವಾರಗಳಲ್ಲಿ ಒಡೆದು, ಹೊಟ್ಟೆಯೊಳಗೇ ರಕ್ತ ಹರಿಯುತ್ತದೆ. ಮುಟ್ಟು ನಿಂತವಳಿಗೆ ಒಂದು ಪಕ್ಕದ ಹೊಟ್ಟೆನೋವು, ತುಸು ರಕ್ತಸ್ರಾವ, ಹೆಗಲತುದಿಯ ನೋವು, ತಲೆತಿರುಗು ಕಂಡರೆ, ಅದನ್ನು ಉಷ್ಣವೆಂದೋ ವಾಯುವೆಂದೋ ತಿಳಿದು ಕಷಾಯ ಕುಡಿಸುತ್ತ ಕೂಡಬಾರದು. ಹುನಗುಂದದ ಒಳಹಳ್ಳಿಯಾಗಲಿ, ಇಳಕಲ್ಲಿನ ನೇಕಾರರ ಓಣಿಯಾಗಲಿ, ಆ ಕ್ಷಣವೇ ಗಾಡಿ ಮಾಡಿಕೊಂಡು, ರಕ್ತವೂ ಸ್ಕ್ಯಾನಿಂಗೂ ಶಸ್ತ್ರಚಿಕಿತ್ಸಕರೂ ಇರುವ ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಸೇರಿಸತಕ್ಕದ್ದು. ಒಡೆಯುವ ಮುನ್ನ ತಿಳಿದರೆ ಅನೇಕರಿಗೆ ಮೆಥೊಟ್ರೆಕ್ಸೇಟ್ ಸೂಜಿಮದ್ದೇ ಸಾಕಾಗುತ್ತದೆ. ಒಡೆದ ನಾಳವನ್ನು ತೆಗೆಯಿಸಿಕೊಂಡು, ಉಳಿದ ಒಂದರಿಂದಲೇ ಗರ್ಭ ಧರಿಸಿ ಕುಬಸ ಮಾಡಿಸಿಕೊಂಡ ತಾಯಂದಿರೂ ಉಂಟು.