ಮುಂಗೈ ಮೇಲೊಂದು ಗೆರೆ ಅತ್ತರು

ಸಂಜೆ ಆರತಕ್ಷತೆಗೆ ಹೊರಡುವ ಮುನ್ನ ನಮ್ಮ ತಂದೆ ಜರಿಯಂಚಿನ ಪಂಚೆ ಉಟ್ಟು, ಅತ್ತರಿನಲ್ಲಿ ಅದ್ದಿದ ಹತ್ತಿಯ ಚೂರನ್ನು ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಆ ಅತ್ತರಿನ ಪುಟ್ಟ ಸೀಸೆ ಬರುತ್ತಿದ್ದುದು ಬೆಂಗಳೂರಿನ ಅವೆನ್ಯೂ ರಸ್ತೆಯಿಂದ. ಹಳಬರ ಬಾಯಲ್ಲಿ ಅದು ದೊಡ್ಡಪೇಟೆ. ಈಗಲೂ ಅಲ್ಲಿ ಅಂಗಡಿಯವರು ಗಾಜಿನ ಕಡ್ಡಿಯಿಂದ ಮುಂಗೈ ಮೇಲೆ ಗೆರೆ ಎಳೆದು, "ಸ್ವಲ್ಪ ಹೊತ್ತು ಬಿಟ್ಟು ಮೂಸಿ ನೋಡಿ ಸಾರ್" ಎನ್ನುತ್ತಾರೆ. ಸರಿಯಾದ ಮಾತು. ಸೆಂಟಿನ ಸ್ಪ್ರೇಯಲ್ಲಿನ ಮದ್ಯಸಾರ ಬೇಗ ಆರಿಹೋಗುತ್ತದೆ. ಆದರೆ ಸಾಂಪ್ರದಾಯಿಕ ಅತ್ತರಿನಲ್ಲಿ ಹೂವಿನ ಆವಿಯನ್ನು ಶ್ರೀಗಂಧದ ಎಣ್ಣೆಗೆ ಇಳಿಸಿರುತ್ತಾರೆ. ಮೈಬಿಸಿಗೆ ಪರಿಮಳ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಆ ಶ್ರೀಗಂಧ ನಮ್ಮ ನೆಲದ ಹೆಮ್ಮೆ. ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತಿಗೆ ಪೆಟ್ಟು ಬಿದ್ದಾಗ, 1916ರಲ್ಲಿ ಮೈಸೂರು ಸರ್ಕಾರ ಬೆಂಗಳೂರಿನಲ್ಲೇ ಎಣ್ಣೆ ತೆಗೆಸಲು ಶುರುಮಾಡಿತು. ಒಂದು ಮಾತು: ರೇಷ್ಮೆ ಬಟ್ಟೆಗೆ ಅತ್ತರು ತಾಗಿಸಬೇಡಿ, ಎಣ್ಣೆಯ ಕಲೆ ಸುಲಭಕ್ಕೆ ಹೋಗುವುದಿಲ್ಲ.