ಕರಿಬೇವಿನ ಕುಂಡದಲ್ಲಿ ವಸಂತ

ಒಂದು ಪಕ್ಕದಲ್ಲಿ ಪಾರ್ಸಿಕ್ ಬೆಟ್ಟದ ಕಡಿದಾದ ಮೈ, ಇನ್ನೊಂದು ಪಕ್ಕದಲ್ಲಿ ಉಲ್ಹಾಸ ನದಿಯ ಖಾಡಿ, ಇವೆರಡರ ನಡುವಣ ಇಕ್ಕಟ್ಟಿನಲ್ಲಿ ರೈಲುಹಳಿ ಮತ್ತು ಒಂದನ್ನೊಂದು ಒತ್ತಿ ನಿಂತ ಬಹುಮಹಡಿಯ ಕಟ್ಟಡಗಳು; ಮುಂಬ್ರಾದ ಈ ರೂಪವನ್ನು ಲೋಕಲ್ ರೈಲಿನ ಬಾಗಿಲಿನಿಂದ ಮಾತ್ರ ಕಂಡವರಿಗೆ ಅಲ್ಲಿಯೂ ವಸಂತಾಗಮನವಾಗುವುದೆಂಬ ಮಾತು ಅತ್ಯುಕ್ತಿಯಾಗಿ ತೋರಬಹುದು. ಆದರೆ ಮಾಘ ಕಳೆದು ಫಾಲ್ಗುಣ ಕಾಲಿರಿಸಿದೊಡನೆ ಥಾಣೆ ಸೀಮೆಯ ಬೆಟ್ಟಗಳಲ್ಲಿ ಎಲೆಯುದುರಿಸಿ ಬರಿಯ ಕೊಂಬೆಗಳಾಗಿ ನಿಂತ ಬೂರುಗ, ಮುತ್ತುಗ, ಹಾಲುವಾಣಗಳು ಒಂದರ ಹಿಂದೊಂದು ಕೆಂಪಾಗಿ ಅರಳುವುವು. ಮಕರಂದಕ್ಕಾಗಿ ಗೊರವಂಕ, ಪಿಕಳಾರ, ಸೂರಕ್ಕಿಗಳು ಬಂದು ಮುತ್ತುವುವು. ಹೂವಿನ ಬೆನ್ನಿಗೆ ಚಿಗುರು, ಚಿಗುರಿನ ಬೆನ್ನಿಗೆ ಕಂಬಳಿಹುಳು, ಹುಳುವಿನ ಬೆನ್ನಿಗೆ ಹಕ್ಕಿಮರಿ: ಈ ಅನುಕ್ರಮವೇ ವಸಂತದ ನಿಜವಾದ ವ್ಯಾಪಾರ. ಮಕರಂದವನ್ನೇ ನೆಚ್ಚಿದ ಸೂರಕ್ಕಿಯೂ ತನ್ನ ಮರಿಗಳಿಗೆ ಹುಳು, ಜೇಡಗಳನ್ನೇ ತಂದು ಉಣಿಸುವುದು.

ಈ ಸೂರಕ್ಕಿಯನ್ನು ನೋಡಲು ಬೆಟ್ಟ ಹತ್ತಬೇಕಾಗಿಲ್ಲ. ಉಳಿದ ಕಾಲದಲ್ಲಿ ಮಾಸಲು ಹಳದಿಯ ಎದೆಯ ನಡುವೆ ಒಂದು ಕಪ್ಪು ಗೆರೆಯನ್ನು ಮಾತ್ರ ಉಳಿಸಿಕೊಂಡಿರುವ ಗಂಡು, ಈ ಋತುವಿನಲ್ಲಿ ನೇರಳೆ-ನೀಲಿಯ ಲೋಹಕಾಂತಿಯನ್ನು ತಳೆದು ಕೇಬಲ್ ತಂತಿಯ ಮೇಲೆ ಕುಳಿತು ಕೂಗುತ್ತಿರುವುದು. ಗೂಡು ಹೆಣೆಯುವವಳು ಹೆಣ್ಣು. ಜೇಡರಬಲೆ, ನಾರು, ಒಣಗಿದ ಎಲೆಯ ಚೂರು, ಕಂಬಳಿಹುಳುವಿನ ಹಿಕ್ಕೆ, ಹರಿದ ಕಾಗದ ಇವೆಲ್ಲವನ್ನೂ ಸೇರಿಸಿ ಬಟ್ಟೆ ಒಣಗಿಸುವ ಹಗ್ಗಕ್ಕೂ ಅವಳು ಗೂಡನ್ನು ನೇತುಹಾಕಬಲ್ಲಳು. ನೋಡಿದವರು ಗಾಳಿಗೆ ಸಿಕ್ಕಿಕೊಂಡ ಕಸವೆಂದು ಬಗೆದು ಕಿತ್ತೆಸೆಯುವುದೂ ಉಂಟು.

ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡಿಗರ ಬಾಲ್ಕನಿಗಳಲ್ಲಿ ತುಳಸಿಯ ನೆರೆಯಲ್ಲಿ ಸಾಮಾನ್ಯವಾಗಿ ಕಾಣುವ ಕರಿಬೇವಿನ ಕುಂಡವನ್ನು ನಾನು ಒಂದು ಅರಣ್ಯವೆಂದೇ ಎಣಿಸುತ್ತೇನೆ. ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯ ಹೆಣ್ಣು ಬಂದು, ಮುಂಗಾಲುಗಳಿಂದ ಎಲೆಯನ್ನು ತಟ್ಟಿ ರುಚಿ ನೋಡಿ, ಇದೇ ತನ್ನ ಸಂತಾನಕ್ಕೆ ಸಲ್ಲುವ ಗಿಡವೆಂದು ನಿಶ್ಚಯವಾದ ಮೇಲೆ ಎಳೆಯ ಎಲೆಯ ಮೇಲೆ ದುಂಡನೆಯ ಮೊಟ್ಟೆಯೊಂದನ್ನು ಅಂಟಿಸುವುದು. ಹೊರಬಂದ ಹುಳು ಕಂದುಬಿಳಿಯಾಗಿ ಥೇಟು ಹಕ್ಕಿಯ ಹಿಕ್ಕೆಯ ರೂಪದಲ್ಲಿರುವುದರಿಂದ ಹಕ್ಕಿಯ ಕಣ್ಣಿಗೂ ಮನೆಯವರ ಕಣ್ಣಿಗೂ ಬೀಳದೆ ಬದುಕುವುದು. ಕಡೆಯ ಪೊರೆ ಬಿಟ್ಟಾಗ ಅದು ಎಲೆಯದೇ ಹಸುರು. ಆಗ ಮೆಲ್ಲನೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲುಗೊಂಬು ಥಟ್ಟನೆ ಹೊರಚಾಚಿ ಘಾಟುವಾಸನೆ ಹರಡುವುದು. ಬಳಿಕ ಸೊಂಟಕ್ಕೆ ರೇಷ್ಮೆಯ ಎಳೆಯೊಂದನ್ನು ಬಿಗಿದುಕೊಂಡು ಕೋಶಸ್ಥವಾಗುವುದು. ಕೋಶವು ಸುತ್ತಣ ಪರಿಸರಕ್ಕೆ ತಕ್ಕಂತೆ ಹಸುರೋ ಕಂದೋ ಆಗುವುದು. ಈ ಜಾತಿಯ ಹೆಣ್ಣುಗಳಲ್ಲಿ ಕೆಲವು, ವಿಷಯುಕ್ತವಾದ ಬೇರೊಂದು ಚಿಟ್ಟೆಯ ಕೆಂಪು ಮಚ್ಚೆಗಳನ್ನು ಅನುಕರಿಸಿ ಹಕ್ಕಿಗಳಿಂದ ಪಾರಾಗುವುವು. ಇಷ್ಟೆಲ್ಲ ಕೌಶಲವೂ ಒಗ್ಗರಣೆಗೆಂದು ನಾವು ಕೈಚಾಚುವ ರೆಂಬೆಯಲ್ಲಿಯೇ ನಡೆಯುವುದೆಂಬುದು ಎಂಥ ಭಾಗ್ಯ! ಥಾಣೆಯ ಘೋಡ್‌ಬಂದರ್ ರಸ್ತೆಯ ಓವಳೇಕರ್ ವಾಡಿಯ ಚಿಟ್ಟೆಗಳ ತೋಟವೂ ಬೆಳೆದದ್ದು ಇಂಥ ಆಹಾರಸಸ್ಯಗಳನ್ನು ನೆಟ್ಟು ಪೋಷಿಸಿದ್ದರಿಂದಲೇ.

ಖಾಡಿಯ ಕಡೆಗೆ ಹೋದವರೆಲ್ಲರೂ ರಾಜಹಂಸಗಳನ್ನು ಅರಸುವರು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್ಸರ್ ಪಟ್ಟಿಗೆ ಸೇರಿದ ಥಾಣೆ ಖಾಡಿಗೆ ಆ ಕೀರ್ತಿ ಸಲ್ಲತಕ್ಕದ್ದೇ. ಆದರೆ ನೀರಿಳಿದ ಹೊತ್ತಿನಲ್ಲಿ ಕೆಸರಿನ ಮೇಲೆ ಕಣ್ಣುಗಳನ್ನು ಎತ್ತಿಕೊಂಡು ರೆಕ್ಕೆಗಳಿಂದಲೇ ತೆವಳುವ, ಒದ್ದೆ ಚರ್ಮದಿಂದಲೂ ಉಸಿರಾಡುವ ಕೆಸರುಮೀನನ್ನು ನಿಂತು ನೋಡುವವರು ವಿರಳ.

ಸಣ್ಣದನ್ನು ನಿಂತು ನೋಡಿದುದರ ಫಲವೇನೆಂಬುದಕ್ಕೆ ಇದೇ ಮುಂಬಯಿ ಸಾಕ್ಷಿಯಾಗಿದೆ. ಬಾಲಕ ಸಲೀಂ ಅಲಿ ತಾನು ಹೊಡೆದುರುಳಿಸಿದ, ಕತ್ತಿನಲ್ಲಿ ಹಳದಿ ಮಚ್ಚೆಯಿದ್ದ ಗುಬ್ಬಚ್ಚಿಯೊಂದರ ಹೆಸರು ತಿಳಿಯದೆ, 1883ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಅದನ್ನು ಒಯ್ದನು. ಭಾರತದ ಪಕ್ಷಿಶಾಸ್ತ್ರದ ಮಹಾಪುರುಷನೊಬ್ಬನ ಜೀವನಮಾರ್ಗ ಅಲ್ಲಿಂದ ತೆರೆಯಿತು. 2010ರಿಂದ ಮಾರ್ಚ್ 20ರಂದು ಆಚರಿಸಲಾಗುವ ವಿಶ್ವ ಗುಬ್ಬಚ್ಚಿ ದಿನವೂ ನಾಸಿಕದ ಮೊಹಮ್ಮದ್ ದಿಲಾವರ್ ಅವರ ಪ್ರಯತ್ನದಿಂದ ಹುಟ್ಟಿದುದು.

ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಈ ಚೈತ್ರದಲ್ಲಿ ಕರಿಬೇವಿನ ಗಿಡಕ್ಕೆ ಔಷಧಿ ಸಿಂಪಡಿಸಬೇಡಿರಿ, ಹುಳು ತಿಂದ ನಾಲ್ಕು ಎಲೆಗಳನ್ನು ಅದರ ಪಾಲಿಗೇ ಬಿಡಿರಿ; ಹಗ್ಗದಲ್ಲಿ ಗೂಡು ತೂಗುತ್ತಿದ್ದರೆ ಮರಿಗಳು ಹಾರಿಹೋಗುವವರೆಗೆ ಬಟ್ಟೆಯನ್ನು ಬೇರೆ ಕಡೆ ಒಣಹಾಕಿರಿ.